ಪಾಪ, ನೈತಿಕ ನಿಯಮ, ದೇವರ ಶಿಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೈಸ್ತರು ಹೊರಗಿನವರ ಜೊತೆ ವಾದ ಮಾಡಿದ್ದಕ್ಕಿಂತ ತಮ್ಮತಮ್ಮಲ್ಲೇ ಜಾಸ್ತಿ ವಾದ ಮಾಡಿದ ವಿಷಯಗಳಿವು. ಇಲ್ಲಿರುವ ಪ್ರಶ್ನೆಗಳನ್ನು ನಂಬುವವರೂ ಕೇಳುತ್ತಾರೆ, ನಂಬದವರೂ ಕೇಳುತ್ತಾರೆ. ನನ್ನ ಅಭಿಪ್ರಾಯ ಬಂದ ಕಡೆ ಅದು ನನ್ನದು ಅಂತ ಗೊತ್ತಾಗುತ್ತದೆ. ಒಂದನ್ನು ಮೊದಲೇ ಹೇಳಿಬಿಡುತ್ತೇನೆ. ಜಗಳ ನರಕದ ಬಗ್ಗೆ ಅಂತ ಶುರುವಾದರೂ, ಕೆದಕುತ್ತಾ ಹೋದರೆ ಬೇರೊಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ: ಶಿಕ್ಷೆ ಇರುವುದು ಯಾತಕ್ಕೆ? ಅದರ ಉತ್ತರ ಬದಲಾದರೆ ಉಳಿದ ಉತ್ತರಗಳೂ ಬದಲಾಗುತ್ತವೆ.

ಎಲ್ಲರೂ ಓದುವುದು ಒಂದೇ ಬೈಬಲ್. ಮತ್ತೆ ಇಷ್ಟೊಂದು ಭಿನ್ನಾಭಿಪ್ರಾಯ ಯಾಕೆ?

ಮೊದಲನೆಯದಾಗಿ, ಪೂರ್ತಿ ಒಂದೇ ಅಲ್ಲ. ಪೋಪ್‌ನ ಅಧಿಕಾರ ಒಪ್ಪದ ಪ್ರೊಟೆಸ್ಟೆಂಟರ ಬೈಬಲಿನಲ್ಲಿ 66 ಪುಸ್ತಕಗಳಿವೆ, ಅದನ್ನು ಒಪ್ಪುವ ಕ್ಯಾಥೋಲಿಕರದ್ದರಲ್ಲಿ 73. ಸತ್ತವರ ಪಾಪ ಕಳೆಯಲೆಂದು ಪ್ರಾರ್ಥಿಸುವ ಪ್ರಸಂಗ ಬರುವುದು ಮಕ್ಕಬಿಯರ ಎರಡನೇ ಪುಸ್ತಕದಲ್ಲಿ. ಆ ಪುಸ್ತಕ ಪ್ರೊಟೆಸ್ಟೆಂಟರ ಪಟ್ಟಿಯಲ್ಲೇ ಇಲ್ಲ.

ಅದಕ್ಕಿಂತ ದೊಡ್ಡ ಕಾರಣ, ಒಂದೇ ಬೈಬಲಿನಲ್ಲಿ ಎರಡೂ ಬಗೆಯ ಮಾತುಗಳಿರುವುದು. ತಂದೆಗಳ ದೋಷಕ್ಕಾಗಿ ಮಕ್ಕಳನ್ನು ಮೂರು ನಾಲ್ಕು ತಲೆಗಳವರೆಗೂ ದಂಡಿಸುತ್ತೇನೆ ಎಂದು ವಿಮೋಚನಕಾಂಡ ಎಂಬ ಪುಸ್ತಕದ 20ನೇ ಅಧ್ಯಾಯದಲ್ಲಿ ದೇವರು ಹೇಳುತ್ತಾನೆ. ಮಗನು ತಂದೆಯ ದೋಷಫಲವನ್ನು ಅನುಭವಿಸುವುದಿಲ್ಲ ಎಂದು ಯೆಹೆಜ್ಕೇಲ 18ರಲ್ಲಿ ಅದೇ ದೇವರು ಹೇಳುತ್ತಾನೆ. ಯಾವ ವಚನವನ್ನು ಮುಂದಿಟ್ಟುಕೊಂಡು ಯಾವುದನ್ನು ಓದುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಆದ್ದರಿಂದ "ಬೈಬಲ್ ಸ್ಪಷ್ಟವಾಗಿ ಹೇಳುತ್ತದೆ" ಅಂತ ಯಾರಾದರೂ ಶುರು ಮಾಡಿದರೆ ಸ್ವಲ್ಪ ಹುಷಾರಾಗಿರಿ. ಎದುರು ಪಕ್ಷದವರ ಕೈಯಲ್ಲೂ ಒಂದು ಸ್ಪಷ್ಟ ವಚನ ಇರುತ್ತದೆ.

ನೈತಿಕ ನಿಯಮ ಅಂದರೆ ಹತ್ತು ಆಜ್ಞೆಗಳೇ?

ಹೆಚ್ಚಿನವರು ಅಲ್ಲಿಂದಲೇ ಶುರು ಮಾಡುತ್ತಾರೆ. ಆದರೆ ಆ ಹತ್ತನ್ನು ಎಣಿಸುವ ರೀತಿಯೇ ಬೇರೆ ಬೇರೆ. ಕ್ಯಾಥೋಲಿಕರು ಮತ್ತು ಲೂಥರನ್ನರು (ಪ್ರೊಟೆಸ್ಟೆಂಟ್ ಚಳವಳಿ ಶುರು ಮಾಡಿದ ಲೂಥರನ ಹಿಂಬಾಲಕರು) ವಿಗ್ರಹದ ಮಾತನ್ನು ಮೊದಲ ಆಜ್ಞೆಯೊಳಗೇ ಸೇರಿಸಿ, ಆಸೆಪಡಬಾರದು ಎನ್ನುವುದನ್ನು ಎರಡಾಗಿ ಒಡೆಯುತ್ತಾರೆ. ಆರ್ಥೊಡಾಕ್ಸರು (ಪೂರ್ವದ ಹಳೆಯ ಸಭೆಗಳವರು) ಮತ್ತು ಕ್ಯಾಲ್ವಿನ್ ಪರಂಪರೆಯವರು (ಪ್ರೊಟೆಸ್ಟೆಂಟರ ಇನ್ನೊಂದು ಶಾಖೆ) ವಿಗ್ರಹಕ್ಕೆ ಪ್ರತ್ಯೇಕ ಆಜ್ಞೆ ಇಡುತ್ತಾರೆ. ಹಾಗಾಗಿ "ಆರನೇ ಆಜ್ಞೆ ಮುರಿದ" ಎಂದರೆ ಒಂದು ಸಭೆಯಲ್ಲಿ (ಅಂದರೆ ಚರ್ಚಿನ ಪಂಗಡದಲ್ಲಿ) ವ್ಯಭಿಚಾರ, ಇನ್ನೊಂದರಲ್ಲಿ ಕೊಲೆ!

ಯೇಸು ಇಡೀ ಧರ್ಮಶಾಸ್ತ್ರವನ್ನು (ಮೋಶೆಯ ಮೂಲಕ ಬಂದ ಆಜ್ಞೆಗಳನ್ನು) ಎರಡೇ ಮಾತಿಗೆ ಇಳಿಸಿದ: ದೇವರನ್ನು ಪ್ರೀತಿಸು, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು. ಹಾಗಂತ ಸುಲಭ ಮಾಡಲಿಲ್ಲ. ಬೆಟ್ಟದ ಮೇಲಿನ ಪ್ರಸಂಗ ಎಂಬ ಅವನ ಬೋಧನೆಯಲ್ಲಿ ಕೊಲೆಯ ಜಾಗಕ್ಕೆ ಕೋಪ ಬಂತು, ವ್ಯಭಿಚಾರದ ಜಾಗಕ್ಕೆ ಕೆಟ್ಟ ನೋಟ ಬಂತು. ಕೈ ಮಾಡಿದ್ದನ್ನು ಲೆಕ್ಕ ಹಾಕಬಹುದು, ಮನಸ್ಸು ಮಾಡಿದ್ದನ್ನು ಹಾಕುವುದು ಹೇಗೆ? ಮುಂದಿನ ಅರ್ಧ ಜಗಳಗಳು ಹುಟ್ಟಿದ್ದು ಇಲ್ಲಿಂದ.

ಹಂದಿಮಾಂಸ ತಿನ್ನಬಹುದು, ಎರಡು ಬಗೆಯ ದಾರದ ಬಟ್ಟೆ ಹಾಕಬಹುದು, ಆದರೆ ವ್ಯಭಿಚಾರ ಮಾತ್ರ ತಪ್ಪು. ಇದು ಬೇಕಾದ್ದನ್ನು ಆರಿಸಿಕೊಂಡಂತೆ ಅಲ್ವಾ?

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವವರು ಬಹಳ. ಆದರೆ ಇದು ಒಳ್ಳೆಯ ಪ್ರಶ್ನೆ, ತುಂಬ ಹಳೆಯದು ಕೂಡ. ಯೆಹೂದ್ಯರಲ್ಲದವರು ಸಭೆಗೆ ಸೇರತೊಡಗಿದಾಗ, ಅವರೂ ಸುನ್ನತಿ ಮಾಡಿಸಿಕೊಂಡು ಮೋಶೆಯ ಧರ್ಮಶಾಸ್ತ್ರ ಪಾಲಿಸಬೇಕೇ ಎಂದು ಯೆರೂಸಲೇಮಿನಲ್ಲಿ ಕೂಟ ಸೇರಿ ಚರ್ಚೆಯಾಯಿತು. ಅಪೊಸ್ತಲರ ಕೃತ್ಯಗಳು 15ರಲ್ಲಿ ಆ ಕಥೆಯಿದೆ, ಕಾಲ ಸುಮಾರು ಕ್ರಿ.ಶ. 49. ಬೇಡ ಎಂದು ತೀರ್ಮಾನವಾಯಿತು. ಆದರೆ ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು ಮತ್ತು ಹಾದರ ಇವನ್ನು ಬಿಡಬೇಕು ಎಂದರು.

ಆಮೇಲೆ ಇದಕ್ಕೊಂದು ಚೌಕಟ್ಟು ಬಂತು. 13ನೇ ಶತಮಾನದಲ್ಲಿ ಕ್ಯಾಥೋಲಿಕ್ ಪಂಡಿತ ತಾಮಸ್ ಅಕ್ವಿನಾಸ್ ಮೋಶೆಯ ಆಜ್ಞೆಗಳನ್ನು ಮೂರು ಗುಂಪು ಮಾಡಿದ. ನೈತಿಕವಾದವು ಎಂದೆಂದಿಗೂ ಇರುವಂಥವು. ಬಲಿ, ಶುದ್ಧಿ, ಆಹಾರದ ವಿಧಿಗಳು ಕ್ರಿಸ್ತನಲ್ಲಿ ಮುಗಿದವು. ದಂಡ ಮತ್ತು ಆಸ್ತಿಯ ಕಾನೂನುಗಳು ಆ ಕಾಲದ ಇಸ್ರಾಯೇಲಿಗೆ ಸೇರಿದವು. 1640ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಪ್ರೊಟೆಸ್ಟೆಂಟರು ರೂಪಿಸಿದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣವೂ ಇದನ್ನೇ ಒಪ್ಪಿತು.

ಚೌಕಟ್ಟು ಚೆನ್ನಾಗಿದೆ. ತೊಂದರೆ ಏನೆಂದರೆ, ಯಾವ ಆಜ್ಞೆ ಯಾವ ಗುಂಪಿಗೆ ಎಂದು ಬೈಬಲಿನಲ್ಲಿ ಚೀಟಿ ಅಂಟಿಸಿಲ್ಲ. ನೆರೆಯವನನ್ನು ಪ್ರೀತಿಸು ಎನ್ನುವುದು ಯಾಜಕಕಾಂಡ 19:18. ಎರಡು ಬಗೆಯ ದಾರದ ಬಟ್ಟೆ ಹಾಕಬೇಡ ಎನ್ನುವುದು 19:19. ಪಕ್ಕಪಕ್ಕದಲ್ಲೇ ಇವೆ, ನಡುವೆ ಗೆರೆ ಎಳೆದಿಲ್ಲ. ಅದಕ್ಕೇ ಕೆಲವರು ಬೇರೆ ದಾರಿ ಹಿಡಿಯುತ್ತಾರೆ. ಮೋಶೆಯ ಒಪ್ಪಂದ ಇಡಿಯಾಗಿ ಇಸ್ರಾಯೇಲಿನದು, ಕ್ರೈಸ್ತರಿಗೆ ಇರುವುದು ಕ್ರಿಸ್ತನ ನಿಯಮ, ಹೊಸ ಒಡಂಬಡಿಕೆ ಮತ್ತೆ ಹೇಳಿದ್ದಷ್ಟೇ ಉಳಿಯುತ್ತದೆ ಎನ್ನುತ್ತಾರೆ.

ಎರಡು ದಾರಿಗೂ ಕಾಲಿಗೆ ತೊಡರುವುದು ಸಬ್ಬತ್, ಅಂದರೆ ವಾರದ ಏಳನೇ ದಿನದ ವಿಶ್ರಾಂತಿ. ಅದು ಹತ್ತು ಆಜ್ಞೆಗಳಲ್ಲೇ ಇದೆ, ಆದರೂ ಹೆಚ್ಚಿನ ಕ್ರೈಸ್ತರಿಗೆ ಶನಿವಾರ ಮಾಮೂಲಿ ದಿನ. 1863ರಲ್ಲಿ ಸಂಘಟನೆಯಾದ ಸೆವೆಂತ್ ಡೇ ಅಡ್ವೆಂಟಿಸ್ಟರು ಈ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿ ಶನಿವಾರವನ್ನೇ ಹಿಡಿದರು. ಇಥಿಯೋಪಿಯಾದ ಆರ್ಥೊಡಾಕ್ಸ್ ಸಭೆ ಶನಿವಾರ, ಭಾನುವಾರ ಎರಡನ್ನೂ ಗೌರವಿಸುತ್ತದೆ, ಹಂದಿಮಾಂಸವನ್ನೂ ಮುಟ್ಟುವುದಿಲ್ಲ. ಅಂದರೆ ಗೆರೆಯನ್ನು ಎಲ್ಲರೂ ಎಳೆಯುತ್ತಾರೆ, ಒಂದೇ ಜಾಗದಲ್ಲಿ ಎಳೆಯುವುದಿಲ್ಲ.

"ನಾವು ಧರ್ಮಶಾಸ್ತ್ರಕ್ಕೆ ಅಧೀನರಲ್ಲ, ಕೃಪೆಗೆ ಅಧೀನರು." ಹಾಗಾದರೆ ಏನು ಬೇಕಾದರೂ ಮಾಡಬಹುದೇ?

ಆದಿ ಸಭೆಯ ಅಪೊಸ್ತಲ ಪೌಲನೇ ಈ ಮಾತು ಬರೆದ ಮರುಸಾಲಿನಲ್ಲಿ ಇದೇ ಪ್ರಶ್ನೆ ಕೇಳಿಕೊಂಡು "ಎಂದಿಗೂ ಇಲ್ಲ" ಎನ್ನುತ್ತಾನೆ (ರೋಮಾಪುರದವರಿಗೆ 6:14-15). ಆದರೂ ಜಗಳ ನಿಲ್ಲಲಿಲ್ಲ.

ಲೂಥರನ ಆಪ್ತನಾಗಿದ್ದ ಯೋಹಾನ್ ಅಗ್ರಿಕೋಲ 1537ರ ಹೊತ್ತಿಗೆ, ಪಶ್ಚಾತ್ತಾಪ ಹುಟ್ಟಬೇಕಾದ್ದು ಸುವಾರ್ತೆಯಿಂದ (ಕ್ರಿಸ್ತನಲ್ಲಿ ಕ್ಷಮೆಯಿದೆ ಎಂಬ ಸಂದೇಶದಿಂದ), ಸಭೆಯಲ್ಲಿ ಧರ್ಮಶಾಸ್ತ್ರ ಬೋಧಿಸುವ ಅಗತ್ಯವಿಲ್ಲ ಎಂದು ವಾದಿಸಿದ. ಕೃಪೆಯ ಬಗ್ಗೆ ಅಷ್ಟು ಬರೆದಿದ್ದ ಲೂಥರನೇ ಇದನ್ನು ಖಾರವಾಗಿ ವಿರೋಧಿಸಿದ. ತಾನು ಪಾಪಿ ಎಂದು ಗೊತ್ತಾಗದವನಿಗೆ ಕ್ಷಮೆ ಎಂಬುದು ಏನು ಅರ್ಥವಾದೀತು ಎನ್ನುವುದು ಅವನ ತಕರಾರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1637ರಲ್ಲಿ ಆನ್ ಹಚಿನ್ಸನ್ ಎಂಬ ಹೆಂಗಸು, ಅಲ್ಲಿನ ಬೋಧಕರಲ್ಲಿ ಹೆಚ್ಚಿನವರು ಕೃಪೆಯ ಹೆಸರಲ್ಲಿ ಸತ್ಕ್ರಿಯೆಯನ್ನೇ ಮಾರುತ್ತಿದ್ದಾರೆ ಎಂದು ಮನೆಯ ಕೂಟಗಳಲ್ಲಿ ಹೇಳಿದಳು. ವಿಚಾರಣೆ ಮಾಡಿ ಅವಳನ್ನು ಗಡಿಪಾರು ಮಾಡಿದರು. ಹೆಂಗಸು ಬೋಧಿಸಿದಳು ಎನ್ನುವ ಸಿಟ್ಟೂ ಅದರಲ್ಲಿ ಸೇರಿತ್ತು ಬಿಡಿ.

ಲೂಥರನ್ನರಂತೂ ಅದಕ್ಕೂ ಮೊದಲೇ, 1577ರ ಒಪ್ಪಂದದಲ್ಲಿ, ಧರ್ಮಶಾಸ್ತ್ರಕ್ಕೆ ಮೂರು ಕೆಲಸ ಇವೆ ಎಂದು ಬರೆದರು: ಕೆಟ್ಟದ್ದಕ್ಕೆ ತಡೆ ಹಾಕುವುದು, ಪಾಪವನ್ನು ತೋರಿಸಿಕೊಡುವುದು, ವಿಶ್ವಾಸಿಗೆ ದಾರಿ ತೋರಿಸುವುದು. 1999ರಲ್ಲಿ ಕ್ಯಾಥೋಲಿಕರು ಮತ್ತು ಲೂಥರನ್ನರು ಜಂಟಿ ಘೋಷಣೆಯೊಂದಕ್ಕೆ ಸಹಿ ಹಾಕಿದರು. ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ, ನಮ್ಮ ಯೋಗ್ಯತೆಯಿಂದಲ್ಲ, ಒಳ್ಳೆಯ ಕೆಲಸಗಳು ಅದರ ಫಲ ಎಂದು ಇಬ್ಬರೂ ಒಪ್ಪಿದರು. ಇಷ್ಟು ಹೇಳಲು ಸುಮಾರು 480 ವರ್ಷ ಬೇಕಾಯಿತು.

ದೇವರು ಹೇಳಿದ್ದರಿಂದ ಅದು ಒಳ್ಳೆಯದೋ? ಒಳ್ಳೆಯದಾಗಿರುವುದರಿಂದ ದೇವರು ಹೇಳಿದನೋ?

ಈ ಪ್ರಶ್ನೆ ಕ್ರೈಸ್ತ ಧರ್ಮಕ್ಕಿಂತ ಹಳೆಯದು, ಗ್ರೀಕ್ ತತ್ವಜ್ಞಾನಿ ಪ್ಲೇಟೋನದು. ಮೊದಲನೆಯದು ಸರಿ ಎಂದರೆ, ದೇವರು ನಾಳೆ ಕ್ರೌರ್ಯವನ್ನೇ ಆಜ್ಞಾಪಿಸಿದರೆ ಕ್ರೌರ್ಯವೂ ಒಳ್ಳೆಯದಾಗುತ್ತದೆ. 14ನೇ ಶತಮಾನದ ಪಂಡಿತ ವಿಲಿಯಂ ಆಫ್ ಆಕಮ್ ಈ ಕಡೆಗೆ ಧೈರ್ಯವಾಗಿ ವಾಲಿದ. ಎರಡನೆಯದು ಸರಿ ಎಂದರೆ, ದೇವರಿಗಿಂತ ಮೇಲೆ ಇನ್ನೊಂದು ಅಳತೆಗೋಲು ಇದ್ದಂತಾಯಿತು. ಅಕ್ವಿನಾಸನ ದಾರಿಯವರು ಎರಡೂ ಅಲ್ಲ ಎನ್ನುತ್ತಾರೆ. ಒಳ್ಳೆಯತನ ದೇವರ ಸ್ವಭಾವವೇ, ಅದು ಅವನ ಮೇಲೂ ಇಲ್ಲ, ಅವನ ಇಷ್ಟಕ್ಕೆ ತಕ್ಕಂತೆ ಬದಲಾಗುವುದೂ ಇಲ್ಲ.

ಈ ಉತ್ತರ ಕಾಗದದ ಮೇಲೆ ಚೆನ್ನಾಗಿ ಕೂರುತ್ತದೆ. ಆದರೆ ಇಸ್ರಾಯೇಲಿನ ಶತ್ರುಗಳಾದ ಅಮಾಲೇಕ್ಯರನ್ನು ಮಕ್ಕಳುಮರಿ ಸಮೇತ ಕೊಲ್ಲು ಎಂದು ದೇವರು ಆಜ್ಞಾಪಿಸುವ 1 ಸಮುವೇಲ 15ಕ್ಕೆ ಬಂದಾಗ ಅಲುಗಾಡುತ್ತದೆ. ಅಲ್ಲಿ ಕೆಲವರು ಜೀವ ಕೊಟ್ಟವನಿಗೆ ತೆಗೆದುಕೊಳ್ಳುವ ಹಕ್ಕಿದೆ ಎನ್ನುತ್ತಾರೆ. ಕೆಲವರು ಇದು ಆ ಕಾಲದ ಯುದ್ಧಭಾಷೆ ಎನ್ನುತ್ತಾರೆ. ಇನ್ನು ಕೆಲವರು ದೇವರನ್ನು ಅರಿಯುವುದರಲ್ಲಿ ಜನ ಮೆಲ್ಲಮೆಲ್ಲಗೆ ಬೆಳೆದರು ಎನ್ನುತ್ತಾರೆ. ಮೊದಲ ಉತ್ತರ ಕೊಡುವವರು ತಮಗೆ ಗೊತ್ತಿಲ್ಲದೇ ಆಕಮ್‌ನ ಪಕ್ಷಕ್ಕೆ ಹೋಗಿರುತ್ತಾರೆ ಎಂದು ನನಗೆ ಅನ್ನಿಸುತ್ತದೆ.

ದೇವರನ್ನು ನಂಬದವರಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುತ್ತದೆಯೇ?

ಗೊತ್ತಾಗುತ್ತದೆ ಎಂದು ಪೌಲನೇ ಹೇಳುತ್ತಾನೆ. ಧರ್ಮಶಾಸ್ತ್ರವಿಲ್ಲದ ಜನರೂ ಅದರ ಕೆಲಸಗಳನ್ನು ಮಾಡುವುದುಂಟು, ಅವರ ಮನಸ್ಸಾಕ್ಷಿಯೇ ಅವರಿಗೆ ಸಾಕ್ಷಿ (ರೋಮಾಪುರದವರಿಗೆ 2:14-15). ಕ್ರೈಸ್ತ ವಾದಿಗಳು ಕೇಳುವುದು ಬೇರೆ: ಹಾಗೆ ಗೊತ್ತಾಗುವ ನಿಯಮಕ್ಕೆ ಆಧಾರ ಎಲ್ಲಿಂದ ಬಂತು? ಈ ಎರಡು ಪ್ರಶ್ನೆಗಳನ್ನು ಒಂದಕ್ಕೊಂದು ಬೆರೆಸಿ, "ನಾಸ್ತಿಕರಿಗೆ ನೀತಿಯೇ ಇಲ್ಲ" ಎನ್ನುವುದು ಸುಮ್ನೆ ಬಾಯಿಬಡುಕತನ.

ಪಾಪ ಮತ್ತು ಅಪರಾಧ ಒಂದೇನಾ?

ಅಲ್ಲ. ಅಸೂಯೆ ಯಾವ ಕಾನೂನಿನಲ್ಲೂ ಅಪರಾಧವಲ್ಲ, ಆದರೆ ಪಾಪ. ಅನ್ಯಾಯದ ಕಾನೂನು ಮುರಿಯುವುದು ಅಪರಾಧ, ಪಾಪ ಆಗಬೇಕೆಂದಿಲ್ಲ. ಮಾಡಬೇಕಾದ ಒಳ್ಳೆಯದನ್ನು ಗೊತ್ತಿದ್ದೂ ಮಾಡದಿರುವುದೂ ಪಾಪ ಎಂದು ಯಾಕೋಬನ ಪತ್ರಿಕೆ ಹೇಳುತ್ತದೆ. ಯಾವ ನ್ಯಾಯಾಲಯಕ್ಕೂ ಅಷ್ಟು ಕೆಲಸ ಹೊರಲು ಆಗುವುದಿಲ್ಲ.

ಎಲ್ಲ ಪಾಪಗಳೂ ದೇವರ ಮುಂದೆ ಸಮವೇ?

"ಪಾಪದಲ್ಲಿ ಸಣ್ಣದು ದೊಡ್ಡದು ಇಲ್ಲ" ಎನ್ನುವುದು ಅನೇಕ ಪ್ರೊಟೆಸ್ಟೆಂಟ್ ಪ್ರಸಂಗಗಳಲ್ಲಿ ಕೇಳಿಬರುವ ಮಾತು. ಇದಕ್ಕೆ ಯಾಕೋಬ 2:10 ಆಧಾರ: ಒಂದರಲ್ಲಿ ತಪ್ಪಿದವನು ಎಲ್ಲದರಲ್ಲೂ ಅಪರಾಧಿ. ಆದರೆ ತನ್ನನ್ನು ಒಪ್ಪಿಸಿಕೊಟ್ಟವನಿಗೆ ಹೆಚ್ಚಿನ ಪಾಪವಿದೆ ಎಂದು ಯೇಸು ತನ್ನ ವಿಚಾರಣೆ ಮಾಡಿದ ರೋಮಿನ ಅಧಿಕಾರಿ ಪಿಲಾತನಿಗೆ ಹೇಳಿದ್ದೂ ಇದೆ. ವೆಸ್ಟ್‌ಮಿನ್‌ಸ್ಟರಿನವರೂ ಎಲ್ಲ ಪಾಪಗಳು ಸಮಾನ ಘೋರವಲ್ಲ ಎಂದೇ ಬರೆದರು. ಪ್ರತಿ ಪಾಪವೂ ಶಿಕ್ಷೆಗೆ ಅರ್ಹ ಎನ್ನುವುದು ಬೇರೆ, ಪ್ರತಿ ಪಾಪವೂ ಒಂದೇ ತೂಕ ಎನ್ನುವುದು ಬೇರೆ. ಕೊಲೆಯೂ ಸುಳ್ಳೂ ಒಂದೇ ಎಂದು ಹೇಳುವ ನೀತಿಯಿಂದ ಯಾರಿಗೂ ಉಪಯೋಗವಿಲ್ಲ, ಕೊಲೆಗಾರನಿಗೆ ಬಿಟ್ಟು.

ಕ್ಯಾಥೋಲಿಕರಲ್ಲಿ ಘೋರ ಪಾಪ, ಲಘು ಪಾಪ ಎಂಬ ವಿಂಗಡಣೆಯಿದೆ. ಘೋರ ಪಾಪಕ್ಕೆ ಮೂರು ಸೇರಬೇಕು: ವಿಷಯ ಗಂಭೀರವಾಗಿರಬೇಕು, ಪೂರ್ತಿ ತಿಳಿದಿರಬೇಕು, ಮನಸಾರೆ ಒಪ್ಪಿ ಮಾಡಿರಬೇಕು. ಚಟ, ಭಯ, ಒತ್ತಡ ಇವು ಹೊಣೆಯನ್ನು ಕಡಿಮೆ ಮಾಡಬಹುದು.

ಅಹಂಕಾರ, ಕೋಪ, ದುರಾಸೆ ಮುಂತಾದ ಪ್ರಸಿದ್ಧ ಏಳು ಪಾಪಗಳ ಪಟ್ಟಿ ಬೈಬಲಿನದ್ದಲ್ಲ ಎನ್ನುವುದು ಹಲವರಿಗೆ ಆಶ್ಚರ್ಯ. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಇವಾಗ್ರಿಯಸ್ ಎಂಟು ಕೆಟ್ಟ ಆಲೋಚನೆಗಳನ್ನು ಪಟ್ಟಿ ಮಾಡಿದ. 6ನೇ ಶತಮಾನದ ಕೊನೆಗೆ ಪೋಪ್ ಗ್ರೆಗೊರಿ ಅದನ್ನು ತಿದ್ದಿ ಏಳಕ್ಕೆ ಇಳಿಸಿದ.

ಆದಾಮ ಮಾಡಿದ ತಪ್ಪಿಗೆ ನಾನ್ಯಾಕೆ ಹೊಣೆ?

5ನೇ ಶತಮಾನದ ಆರಂಭದಲ್ಲಿ ಪೆಲಾಗಿಯಸ್ ಎಂಬವನು ಹೆಚ್ಚುಕಡಿಮೆ ಇದನ್ನೇ ಕೇಳಿದ. ಆದಾಮ ಕೆಟ್ಟ ಮಾದರಿ ತೋರಿಸಿದ ಅಷ್ಟೇ, ಪ್ರತಿ ಮನುಷ್ಯನೂ ಒಳ್ಳೆಯದನ್ನು ಆರಿಸುವ ಶಕ್ತಿಯೊಂದಿಗೇ ಹುಟ್ಟುತ್ತಾನೆ, ಆಗದ್ದನ್ನು ದೇವರು ಆಜ್ಞಾಪಿಸುವುದಿಲ್ಲ ಎಂದ. ಉತ್ತರ ಆಫ್ರಿಕಾದ ಬಿಷಪ್ ಅಗಸ್ಟಿನ್ ಇದನ್ನು ಒಪ್ಪಲಿಲ್ಲ. ಮನುಷ್ಯ ಹುಟ್ಟುವಾಗಲೇ ಆದಾಮನ ಪಾಪದಲ್ಲಿ ಪಾಲುದಾರ, ಅವನ ಇಚ್ಛೆಯೇ ಬಾಗಿಹೋಗಿದೆ, ಕೃಪೆ ಇಲ್ಲದೆ ನೆಟ್ಟಗಾಗುವುದಿಲ್ಲ ಎಂದ. 418ರಲ್ಲಿ ಕಾರ್ಥೇಜಿನ ಸಭಾಕೂಟ ಪೆಲಾಗಿಯಸನ ಬೋಧನೆಯನ್ನು ತಿರಸ್ಕರಿಸಿತು.

ಪೂರ್ವದ ಆರ್ಥೊಡಾಕ್ಸ್ ಸಭೆಗಳು ಪೆಲಾಗಿಯಸನನ್ನೂ ಒಪ್ಪುವುದಿಲ್ಲ, ಅಗಸ್ಟಿನನ ಜೊತೆ ಪೂರ್ತಿಯಾಗಿಯೂ ಹೋಗುವುದಿಲ್ಲ. ಆದಾಮನಿಂದ ನಮಗೆ ಬಂದದ್ದು ಸಾವು ಮತ್ತು ದುರ್ಬಲತೆ, ಅವನ ಅಪರಾಧದ ಹೊಣೆಯಲ್ಲ ಎನ್ನುತ್ತವೆ. ಯೆಹೆಜ್ಕೇಲನ ಮಾತಿಗೆ ಇದು ಹೆಚ್ಚು ಹೊಂದುತ್ತದೆ. ಆದರೆ ಎಲ್ಲರೂ ಪಾಪ ಮಾಡುವುದು ಏಕೆ ಎನ್ನುವುದಕ್ಕೆ ಅಗಸ್ಟಿನನ ಉತ್ತರ ಹೆಚ್ಚು ಗಟ್ಟಿ.

ಅಗಸ್ಟಿನನ ಲೆಕ್ಕ ಎಡವುವುದು ಎಳೆಕೂಸುಗಳ ವಿಷಯದಲ್ಲಿ. ದೀಕ್ಷಾಸ್ನಾನವಾಗದೆ (ಸಭೆಗೆ ಸೇರಿಸುವ ನೀರಿನ ಸಂಸ್ಕಾರವಾಗದೆ) ಸತ್ತ ಮಗುವಿಗೂ ಶಿಕ್ಷೆಯಿದೆ, ಆದರೆ ಎಲ್ಲಕ್ಕಿಂತ ಹಗುರವಾದದ್ದು ಎಂದು ಅವನು ಬರೆದ. ತಾಯಂದಿರಿಗೆ ಇದನ್ನು ಹೇಳುವುದು ಹೇಗೆ? ಮಧ್ಯಯುಗದ ಪಂಡಿತರು ನೋವೂ ಇಲ್ಲದ, ದೇವದರ್ಶನವೂ ಇಲ್ಲದ ಲಿಂಬೋ ಎಂಬ ಸ್ಥಿತಿಯನ್ನು ಕಲ್ಪಿಸಿದರು. 2007ರಲ್ಲಿ ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗ, ಇಂಥ ಮಕ್ಕಳು ರಕ್ಷಣೆ ಪಡೆಯುತ್ತಾರೆ ಎಂದು ನಿರೀಕ್ಷಿಸಲು ಗಂಭೀರ ಕಾರಣಗಳಿವೆ ಎಂದು ಹೇಳಿತು. ಲಿಂಬೋ ಎಂದೂ ಕಡ್ಡಾಯ ಬೋಧನೆಯಾಗಿರಲಿಲ್ಲ ನಿಜ. ಆದರೆ ಅದನ್ನು ನಂಬಿ ಅತ್ತವರ ತಲೆಮಾರುಗಳು ಎಷ್ಟೋ ಆಗಿಹೋಗಿದ್ದವು.

ಕ್ಷಮೆಯೇ ಇಲ್ಲದ ಪಾಪ ಇದೆಯಂತೆ. ನಾನು ಅದನ್ನು ಮಾಡಿದ್ದೇನಾ?

ಪವಿತ್ರಾತ್ಮನನ್ನು ದೂಷಿಸಿದವನಿಗೆ ಎಂದೆಂದಿಗೂ ಕ್ಷಮೆಯಿಲ್ಲ ಎಂದು ಮಾರ್ಕ 3ರಲ್ಲಿದೆ. ಯೇಸು ಜನರನ್ನು ಗುಣಪಡಿಸುವುದನ್ನು ಕಣ್ಣಾರೆ ನೋಡಿ, ಇದು ದೆವ್ವದ ಕೆಲಸ ಎಂದವರಿಗೆ ಹೇಳಿದ ಮಾತದು. ಹೆಚ್ಚಿನ ಪಂಗಡಗಳ ಉತ್ತರ ಒಂದೇ: ಇದು ಬಾಯಿತಪ್ಪಿ ಬಂದ ಒಂದು ಮಾತಲ್ಲ, ಕ್ಷಮೆಯನ್ನೇ ಬೇಡವೆಂದು ಕೊನೆವರೆಗೂ ತಳ್ಳುವ ಹಟ. ಮಾಡಿಬಿಟ್ಟೆನೇನೋ ಎಂದು ಹೆದರುವವರು ಆ ಗುಂಪಿನವರಲ್ಲ.

ಆತ್ಮಹತ್ಯೆ ಕ್ಷಮೆಯಿಲ್ಲದ ಪಾಪ ಎಂದು ಹಲವರು ನಂಬಿದ್ದಾರೆ. ಹಿಂದೆ ಸಭೆಗಳು ಇಂಥವರಿಗೆ ಸಮಾಧಿ ವಿಧಿಯನ್ನೂ ನಿರಾಕರಿಸಿದ್ದುಂಟು. 1992ರ ಕ್ಯಾಥೋಲಿಕ್ ಧರ್ಮಬೋಧೆ ಅದು ಗಂಭೀರ ತಪ್ಪು ಎನ್ನುವುದನ್ನು ಉಳಿಸಿಕೊಂಡೇ, ತೀವ್ರ ಮಾನಸಿಕ ತೊಂದರೆ, ಯಾತನೆ, ಭಯಗಳು ಹೊಣೆಯನ್ನು ಕಡಿಮೆ ಮಾಡಬಹುದು, ಅಂಥವರ ರಕ್ಷಣೆಯ ಬಗ್ಗೆ ನಿರಾಶೆ ಪಡಬಾರದು ಎಂದು ಹೇಳುತ್ತದೆ.

ಭೂಕಂಪ, ರೋಗರುಜಿನ ಇವೆಲ್ಲ ದೇವರ ಶಿಕ್ಷೆಯೇ?

1755ರ ನವೆಂಬರ್ 1, ಸರ್ವ ಸಂತರ ಹಬ್ಬ. ಪೋರ್ಚುಗಲ್ಲಿನ ಲಿಸ್ಬನ್ ನಗರದ ಚರ್ಚುಗಳು ತುಂಬಿದ್ದವು. ಭೂಮಿ ನಡುಗಿತು, ಕಡಲು ನುಗ್ಗಿತು, ಉಳಿದದ್ದಕ್ಕೆ ಬೆಂಕಿ ಬಿತ್ತು. ಜೆಸ್ವಿಟ್ ಪಾದ್ರಿ ಮಲಗ್ರಿಡ ಇದು ನಗರದ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಬರೆದ. ಇಂಗ್ಲೆಂಡಿನಲ್ಲಿ ಬೋಧಕ ಜಾನ್ ವೆಸ್ಲಿಯೂ ಅದರಲ್ಲಿ ದೇವರ ಎಚ್ಚರಿಕೆ ಕಂಡ. ಫ್ರೆಂಚ್ ಲೇಖಕ ವಾಲ್ಟೇರ್ ಕೇಳಿದ್ದು: ಲಂಡನ್, ಪ್ಯಾರಿಸ್‌ಗಳಿಗಿಂತ ಲಿಸ್ಬನ್ ಹೆಚ್ಚು ಪಾಪ ಮಾಡಿತ್ತೇ?

ವಿಚಿತ್ರ ಎಂದರೆ, ವಾಲ್ಟೇರನ ಪ್ರಶ್ನೆ ಸುವಾರ್ತೆಯಲ್ಲೇ ಇದೆ. ಸಿಲೋವದ ಬುರುಜು ಬಿದ್ದು 18 ಜನ ಸತ್ತರಲ್ಲ, ಅವರು ಯೆರೂಸಲೇಮಿನ ಉಳಿದವರಿಗಿಂತ ಪಾಪಿಗಳೆಂದು ನೆನೆಸುತ್ತೀರೋ ಎಂದು ಲೂಕ 13ರಲ್ಲಿ ಯೇಸು ಕೇಳಿ, ಇಲ್ಲ ಎಂದು ತಾನೇ ಹೇಳುತ್ತಾನೆ. ಹುಟ್ಟುಕುರುಡನನ್ನು ನೋಡಿ ಇವನ ಪಾಪವೋ ತಂದೆತಾಯಿಯದೋ ಎಂದು ಶಿಷ್ಯರು ಕೇಳಿದಾಗಲೂ ಎರಡನ್ನೂ ತಳ್ಳಿಹಾಕುತ್ತಾನೆ. ಯೋಬನ ಪುಸ್ತಕದಲ್ಲಿ, ನಿನಗೆ ಕಷ್ಟ ಬಂದಿದೆ ಎಂದರೆ ನೀನು ಏನೋ ತಪ್ಪು ಮಾಡಿರಲೇಬೇಕು ಎಂದ ಸ್ನೇಹಿತರ ಮೇಲೆ ಕೊನೆಗೆ ಕೋಪಗೊಳ್ಳುವುದು ದೇವರೇ.

ಸೊದೋಮ್ ಪಟ್ಟಣದ ನಾಶ, ನೋಹನ ಜಲಪ್ರಳಯ ಇವೆಯಲ್ಲ ಎನ್ನುವವರಿಗೆ ಉತ್ತರ: ಅಲ್ಲಿ ಇದು ಶಿಕ್ಷೆ ಎಂದು ಗ್ರಂಥವೇ ಹೇಳುತ್ತದೆ. ಇವತ್ತಿನ ಪ್ರವಾಹಕ್ಕೆ ಹಾಗೆ ಅರ್ಥ ಹಚ್ಚುವ ಅಧಿಕಾರ ಯಾರಿಗೂ ಕೊಟ್ಟಿಲ್ಲ. ಇನ್ನೊಬ್ಬರ ಮನೆ ಕುಸಿದಾಗ ಮಾತ್ರ ಈ ಅರ್ಥ ಹೊಳೆಯುವುದನ್ನೂ ಗಮನಿಸಿ.

ಶಿಕ್ಷೆ ಯಾಕೆ ಬೇಕು? ದೇವರು ಸುಮ್ನೆ ಕ್ಷಮಿಸಿಬಿಡಬಾರದೇ?

ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲಿದೆ.

1098ರ ಹೊತ್ತಿಗೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ ಹೀಗೆ ವಾದಿಸಿದ: ಪಾಪ ಅಂದರೆ ದೇವರಿಗೆ ಸಲ್ಲಬೇಕಾದ ಗೌರವವನ್ನು ಕಸಿದುಕೊಳ್ಳುವುದು. ಅದನ್ನು ಹಾಗೇ ಬಿಟ್ಟರೆ ಲೋಕದ ವ್ಯವಸ್ಥೆಯೇ ಕೆಡುತ್ತದೆ. ಒಂದೋ ಶಿಕ್ಷೆ, ಇಲ್ಲವೇ ಪರಿಹಾರ. ಆ ಪರಿಹಾರ ಮನುಷ್ಯನೇ ಕೊಡಬೇಕು, ಆದರೆ ದೇವರಿಗೆ ಮಾತ್ರ ಕೊಡಲು ಸಾಧ್ಯ. ಅದಕ್ಕೇ ದೇವರೂ ಮನುಷ್ಯನೂ ಆದ ಕ್ರಿಸ್ತ ಬೇಕಾಯಿತು. 16ನೇ ಶತಮಾನದಲ್ಲಿ ಕ್ಯಾಲ್ವಿನ್ ಮೊದಲಾದವರು ಇದನ್ನು ನ್ಯಾಯಾಲಯದ ಭಾಷೆಗೆ ತಂದರು. ನಮಗೆ ಬರಬೇಕಾದ ಶಿಕ್ಷೆಯನ್ನೇ ಕ್ರಿಸ್ತ ಶಿಲುಬೆಯ ಮೇಲೆ ಹೊತ್ತ ಎಂದರು. ಇತರರ ಪಾಪಕ್ಕಾಗಿ ನರಳುವ ಸೇವಕನನ್ನು ಚಿತ್ರಿಸುವ ಯೆಶಾಯ 53 ಇವರ ದೊಡ್ಡ ಆಧಾರ.

ಆನ್ಸೆಲ್ಮನ ನಂತರದ ತಲೆಮಾರಿನ ಪಂಡಿತ ಅಬೆಲಾರ್ಡ್‌ಗೆ ಇದು ಹಿಡಿಸಲಿಲ್ಲ. ನಿರಪರಾಧಿಯ ರಕ್ತ ಕೇಳುವುದು ಕ್ರೌರ್ಯ ಅಲ್ವಾ ಎಂದ. ಶಿಲುಬೆ ದೇವರ ಪ್ರೀತಿಯನ್ನು ತೋರಿಸಿ ನಮ್ಮ ಮನಸ್ಸನ್ನು ತಿರುಗಿಸುತ್ತದೆ ಎನ್ನುವುದು ಅವನ ಒತ್ತು. ಈ ಕಡೆಯವರು ಆಸ್ತಿ ಹಾಳುಮಾಡಿ ಮನೆಗೆ ಮರಳಿದ ಮಗನ ಬಗ್ಗೆ ಯೇಸು ಹೇಳಿದ, ತಪ್ಪಿಹೋದ ಮಗನ ಕಥೆಯನ್ನು ನೆನಪಿಸುತ್ತಾರೆ. ಆ ತಂದೆ ಮಗನಿಂದಾಗಲಿ ಬೇರೆ ಯಾರಿಂದಾಗಲಿ ಒಂದು ಕಾಸಿನ ಪರಿಹಾರ ಕೇಳಲಿಲ್ಲ, ಓಡಿಹೋಗಿ ತಬ್ಬಿಕೊಂಡ. 1617ರಲ್ಲಿ ಡಚ್ ನ್ಯಾಯಪಂಡಿತ ಗ್ರೋಷಿಯಸ್ ನಡುವಿನ ದಾರಿ ಹುಡುಕಿದ. ದೇವರು ಆಳುವವನು, ಆಳುವವನು ಕ್ಷಮಿಸಬಹುದು, ಆದರೆ ಕಾನೂನಿಗೆ ಬೆಲೆಯಿಲ್ಲ ಎಂದು ಪ್ರಜೆಗಳಿಗೆ ಅನ್ನಿಸದಂತೆ ನೋಡಿಕೊಳ್ಳಬೇಕು ಎಂದ.

ಪೂರ್ವದ ಸಭೆಗಳಲ್ಲಿ ಚಿತ್ರವೇ ಬೇರೆ. ಅಲ್ಲಿ ಪಾಪ ಮುಖ್ಯವಾಗಿ ಕಾಯಿಲೆ, ಕ್ರಿಸ್ತ ವೈದ್ಯ. ಕಾಯಿಲೆಯ ನೋವು ವೈದ್ಯ ವಿಧಿಸಿದ ದಂಡವಲ್ಲ. 7ನೇ ಶತಮಾನದ ಸಿರಿಯಾಕ್ ಸಂತ ನಿನೆವೆಯ ಇಸಾಕ್, ನರಕದಲ್ಲಿರುವವರನ್ನು ಸುಡುವುದು ದೇವರ ಪ್ರೀತಿಯೇ, ಅದಕ್ಕೆ ದ್ರೋಹ ಬಗೆದೆವು ಎಂಬ ಅರಿವೇ ಎಂದು ಬರೆದ. ಪೌಲನೂ ರೋಮಾಪುರದವರಿಗೆ 1ರಲ್ಲಿ ದೇವರ ಕೋಪವನ್ನು ವಿವರಿಸುವಾಗ ಸಿಡಿಲಿನ ಮಾತಾಡುವುದಿಲ್ಲ. ದೇವರು ಅವರನ್ನು ಅವರ ಆಸೆಗಳಿಗೇ ಬಿಟ್ಟುಬಿಟ್ಟನು ಎನ್ನುತ್ತಾನೆ, ಅದೂ ಮೂರು ಸಲ.

ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಶಿಕ್ಷೆ ಹೊರಗಿನಿಂದ ಬರುವ ತೀರ್ಪಾದರೆ, ಎಷ್ಟು, ಎಷ್ಟು ದಿನ, ನ್ಯಾಯವೇ ಎಂಬ ಪ್ರಶ್ನೆಗಳು ಏಳುತ್ತವೆ. ಶಿಕ್ಷೆ ಪಾಪದ ಒಳಗೇ ಬೆಳೆಯುವ ಫಲವಾದರೆ, ಅದು ವಾಸಿಯಾಗುತ್ತದೆಯೇ ಎಂಬ ಒಂದೇ ಪ್ರಶ್ನೆ ಉಳಿಯುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ. ಆದರೆ ಮೊದಲನೆಯದನ್ನು ಬಿಸಾಡುವುದೂ ಕಷ್ಟ. ಅನ್ಯಾಯಕ್ಕೆ ಒಳಗಾದವರ ಮುಂದೆ ನಿಂತು "ಅವನಿಗೆ ಕಾಯಿಲೆ" ಎಂದರೆ, ಅವರಿಗೆ ಆದದ್ದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಎನ್ನಿಸುತ್ತದೆ. ಕೀರ್ತನೆಗಳಲ್ಲಿ ನ್ಯಾಯಕ್ಕಾಗಿ ಕೂಗುವವರು ವೈದ್ಯನನ್ನು ಕರೆಯುತ್ತಿಲ್ಲ, ನ್ಯಾಯಾಧಿಪತಿಯನ್ನು ಕರೆಯುತ್ತಿದ್ದಾರೆ.

ನರಕ ಶಾಶ್ವತವೇ?

ಮೂರು ಉತ್ತರಗಳಿವೆ. ಬಹುಸಂಖ್ಯಾತರದ್ದು ಹೌದು ಎನ್ನುವ ಉತ್ತರ. ಮತ್ತಾಯ 25:46ರಲ್ಲಿ ನಿತ್ಯದಂಡನೆ, ನಿತ್ಯಜೀವ ಎರಡೂ ಒಂದೇ ವಾಕ್ಯದಲ್ಲಿವೆ, ಒಂದಕ್ಕೆ ಕೊನೆಯಿಲ್ಲದಿದ್ದರೆ ಇನ್ನೊಂದಕ್ಕೂ ಇಲ್ಲ ಎಂದು ಅಗಸ್ಟಿನ್ ವಾದಿಸಿದ. ಇವತ್ತಿಗೂ ಈ ಪಕ್ಷದ ಬಲವಾದ ವಾದ ಅದೇ.

ಎರಡನೆಯವರು, ದುಷ್ಟರು ಕೊನೆಗೆ ಇಲ್ಲವಾಗುತ್ತಾರೆ ಎನ್ನುತ್ತಾರೆ. ಆತ್ಮ ದೇಹ ಎರಡನ್ನೂ ನಾಶ ಮಾಡಬಲ್ಲವನಿಗೆ ಹೆದರಿರಿ ಎನ್ನುವ ಮತ್ತಾಯ 10:28 ಇವರ ವಚನ. ಅಡ್ವೆಂಟಿಸ್ಟರ ಬೋಧನೆ ಇದು. 1988ರಲ್ಲಿ ಇವ್ಯಾಂಜೆಲಿಕಲ್ (ಬೈಬಲಿನ ಅಧಿಕಾರಕ್ಕೆ ಒತ್ತು ಕೊಡುವ ಪ್ರೊಟೆಸ್ಟೆಂಟ್) ವಲಯದ ಹಿರಿಯ ಜಾನ್ ಸ್ಟಾಟ್ ತನಗೂ ಇದು ಸಾಧ್ಯವೆನಿಸುತ್ತದೆ ಎಂದು ಹಿಂಜರಿಯುತ್ತಲೇ ಹೇಳಿದಾಗ, ಅವನ ಮೆಚ್ಚಿನ ಓದುಗರಲ್ಲೇ ಗದ್ದಲವೆದ್ದಿತು.

ಮೂರನೆಯದು, ಕೊನೆಗೆ ಎಲ್ಲರೂ ದೇವರ ಕಡೆಗೆ ತಿರುಗುತ್ತಾರೆ ಎನ್ನುವುದು. 3ನೇ ಶತಮಾನದ ಕ್ರೈಸ್ತ ಪಂಡಿತ ಒರಿಜೆನ್ ಇದನ್ನು ಮುಂದಿಟ್ಟ. 543ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಅವನ ಬೋಧನೆಗಳನ್ನು ಖಂಡಿಸಿದ. ಆದರೆ ಹೆಚ್ಚುಕಡಿಮೆ ಇದನ್ನೇ ಹೇಳಿದ ನಿಸ್ಸಾದ ಗ್ರೆಗೊರಿ ಇವತ್ತಿಗೂ ಸಂತ! ದೇವರು ಎಲ್ಲರಲ್ಲಿಯೂ ಎಲ್ಲವೂ ಆಗುವನು ಎನ್ನುವ 1 ಕೊರಿಂಥ 15:28 ಇವರ ಆಧಾರ. 1853ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರೊಫೆಸರ್ ಎಫ್. ಡಿ. ಮಾರಿಸ್, ಕೊನೆಯಿಲ್ಲದ ಯಾತನೆಯ ಬೋಧನೆಯನ್ನು ಪ್ರಶ್ನಿಸಿದ್ದಕ್ಕೇ ಕೆಲಸ ಕಳೆದುಕೊಂಡ.

ಕೆಲವು ವರ್ಷದ ಪಾಪಕ್ಕೆ ಕೊನೆಯಿಲ್ಲದ ಶಿಕ್ಷೆ ನ್ಯಾಯವೇ?

ಆನ್ಸೆಲ್ಮನ ದಾರಿಯ ಉತ್ತರ: ಅಪಾರನಾದ ದೇವರ ವಿರುದ್ಧ ಮಾಡಿದ ತಪ್ಪಿನ ಭಾರವೂ ಅಪಾರ. ಇದು ರಾಜನಿಗೆ ಹೊಡೆದರೆ ಒಂದು ಶಿಕ್ಷೆ, ಆಳಿಗೆ ಹೊಡೆದರೆ ಇನ್ನೊಂದು ಶಿಕ್ಷೆ ಇದ್ದ ಕಾಲದ ನ್ಯಾಯ. ಈಗಿನ ಕಿವಿಗೆ ಹಿಡಿಸುವುದಿಲ್ಲ. ಹೊಸಬರ ಉತ್ತರ ಬೇರೆ: ನರಕದಲ್ಲಿರುವವರು ಅಲ್ಲೂ ಪಾಪವನ್ನೇ ಆರಿಸುತ್ತಿರುತ್ತಾರೆ, ಹಾಗಾಗಿ ಶಿಕ್ಷೆಯೂ ಮುಗಿಯುವುದಿಲ್ಲ. ಆದರೆ ಹಾಗಾದರೆ ತಿರುಗಿ ಬರುವ ಬಾಗಿಲು ತೆರೆದಿರಬೇಕಲ್ಲ? ತೆರೆದಿದೆ ಎಂದರೆ ಮೂರನೇ ಪಕ್ಷಕ್ಕೆ ಹತ್ತಿರವಾದಿರಿ. ಮುಚ್ಚಿದೆ ಎಂದರೆ ಮುಚ್ಚಿದವರು ಯಾರು ಎಂಬ ಪ್ರಶ್ನೆ. ಇದಕ್ಕೆ ತೃಪ್ತಿಯಾಗುವಂಥ ಉತ್ತರವನ್ನು ನಾನಂತೂ ಓದಿಲ್ಲ.

ಶುದ್ಧೀಕರಣ ಸ್ಥಳ ಅಂದರೆ ಎರಡನೇ ಅವಕಾಶವೇ?

ಅಲ್ಲ. ಕ್ಯಾಥೋಲಿಕ್ ಬೋಧನೆಯಲ್ಲಿ ಅಲ್ಲಿಗೆ ಹೋಗುವವರೆಲ್ಲ ರಕ್ಷಣೆ ಪಡೆದವರೇ. ದೇವರ ಮುಂದೆ ನಿಲ್ಲುವ ಮೊದಲು ಉಳಿದ ಕೊಳೆ ಕಳೆಯುವುದಷ್ಟೇ ಅಲ್ಲಿನ ಕೆಲಸ. 1439ರ ಫ್ಲಾರೆನ್ಸ್ ಮಹಾಸಭೆ, 1563ರಲ್ಲಿ ಟ್ರೆಂಟ್ ಮಹಾಸಭೆ ಇದನ್ನು ಖಚಿತ ಮಾಡಿದವು. ಆ ಅವಧಿ ಕಡಿಮೆ ಮಾಡುವ ಪತ್ರಗಳನ್ನು ಹಣಕ್ಕೆ ಮಾರಿದ್ದೇ 1517ರಲ್ಲಿ ಲೂಥರನ 95 ವಾದಗಳಿಗೆ ಕಾರಣವಾಯಿತು.

ಯೇಸುವಿನ ಹೆಸರನ್ನೇ ಕೇಳದವರ ಗತಿ ಏನು?

1302ರಲ್ಲಿ ಪೋಪ್ 8ನೇ ಬೋನಿಫೇಸ್, ರಕ್ಷಣೆ ಬೇಕಾದರೆ ಪ್ರತಿ ಮನುಷ್ಯನೂ ರೋಮಿನ ಪೋಪ್‌ಗೆ ಅಧೀನನಾಗಿರಬೇಕು ಎಂದು ಘೋಷಿಸಿದ. 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ತಮ್ಮದಲ್ಲದ ತಪ್ಪಿನಿಂದ ಸುವಾರ್ತೆ ತಿಳಿಯದೆ, ಪ್ರಾಮಾಣಿಕವಾಗಿ ದೇವರನ್ನು ಹುಡುಕಿ ಮನಸ್ಸಾಕ್ಷಿಯಂತೆ ನಡೆದವರೂ ರಕ್ಷಣೆ ಪಡೆಯಬಹುದು ಎಂದಿತು. ಎರಡೂ ಒಂದೇ ಬೋಧನೆಯ ಬೆಳವಣಿಗೆ ಎಂದು ಸಭೆ ಹೇಳುತ್ತದೆ. ಹೊರಗಿನಿಂದ ನೋಡುವವರಿಗೆ ತಿರುವು ದೊಡ್ಡದಾಗಿಯೇ ಕಾಣುತ್ತದೆ. ಪ್ರೊಟೆಸ್ಟೆಂಟರಲ್ಲಿ ಇದಕ್ಕೆ ಒಂದೇ ಉತ್ತರವಿಲ್ಲ. ಕೆಲವರು ನಂಬಿಕೆ ಇಲ್ಲದೆ ರಕ್ಷಣೆಯಿಲ್ಲ ಎನ್ನುತ್ತಾರೆ, ಕೆಲವರು ದೇವರು ನ್ಯಾಯವಂತ ಎಂದು ಹೇಳಿ ಅಲ್ಲಿಗೇ ನಿಲ್ಲಿಸುತ್ತಾರೆ.

ನೈತಿಕ ನಿಯಮ ಶಾಶ್ವತ ಎನ್ನುತ್ತಾರೆ. ಆದರೆ ಸಭೆಗಳ ಬೋಧನೆ ಬದಲಾಗಿದೆಯಲ್ಲ?

ಬದಲಾಗಿದೆ. 1179ರಲ್ಲಿ ಮೂರನೇ ಲ್ಯಾಟರನ್ ಮಹಾಸಭೆ ರಾಜಾರೋಷವಾಗಿ ಬಡ್ಡಿವ್ಯಾಪಾರ ಮಾಡುವವರಿಗೆ ಪ್ರಭುಭೋಜನವನ್ನೂ ಕ್ರೈಸ್ತ ಸಮಾಧಿಯನ್ನೂ ನಿರಾಕರಿಸಿತ್ತು. ಇವತ್ತು ಬಡ್ಡಿಯ ವಿರುದ್ಧ ಪ್ರಸಂಗ ಕೇಳಿದವರು ಕಡಿಮೆ. ಗುಲಾಮಗಿರಿಗೆ ಬೈಬಲಿನಿಂದಲೇ ಸಮರ್ಥನೆ ಕೊಟ್ಟರು, ಬೈಬಲಿನಿಂದಲೇ ವಿರೋಧವನ್ನೂ ಕಟ್ಟಿದರು. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು 1845ರಲ್ಲಿ ಬೇರೆಯಾದದ್ದು ಗುಲಾಮರ ಒಡೆಯರನ್ನು ಮಿಷನರಿ ಮಾಡಬಹುದೇ ಎಂಬ ಜಗಳದಲ್ಲಿ. ಅದಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ. ಮರಣದಂಡನೆ ಒಪ್ಪಲಾಗದು ಎಂದು ಕ್ಯಾಥೋಲಿಕ್ ಧರ್ಮಬೋಧೆಯನ್ನು ಪೋಪ್ ಫ್ರಾನ್ಸಿಸ್ ತಿದ್ದಿಸಿದ್ದು 2018ರಲ್ಲಿ.

ನಿಯಮ ಬದಲಾಗಿಲ್ಲ, ನಮ್ಮ ತಿಳಿವಳಿಕೆ ಬೆಳೆಯಿತು ಎನ್ನುವುದು ಸಾಮಾನ್ಯ ಉತ್ತರ. ಇರಬಹುದು. ಹಾಗಾದರೆ ಇವತ್ತು ನಾವು ಖಚಿತವಾಗಿ ಹೇಳುತ್ತಿರುವುದರಲ್ಲಿ ಯಾವುದು ಇನ್ನೂ ಬೆಳೆಯಬೇಕಿದೆ ಎಂದು ಕೇಳಿದರೆ ಮಾತ್ರ ಹೆಚ್ಚಿನವರು ಸುಮ್ಮನಾಗುತ್ತಾರೆ.

ನರಕದ ಹೆದರಿಕೆಯಿಂದ ಪಶ್ಚಾತ್ತಾಪಪಟ್ಟರೆ ಅದು ಲೆಕ್ಕಕ್ಕೆ ಬರುತ್ತದೆಯೇ?

1741ರಲ್ಲಿ ಅಮೆರಿಕದ ಎನ್‌ಫೀಲ್ಡ್‌ನಲ್ಲಿ ಜೊನಾಥನ್ ಎಡ್ವರ್ಡ್ಸ್ ದೇವರ ಕೋಪದ ಬಗ್ಗೆ ಪ್ರಸಂಗ ಮಾಡಿದಾಗ, ಜನರ ಕೂಗಾಟಕ್ಕೆ ಅವನು ಮಾತು ನಿಲ್ಲಿಸಬೇಕಾಯಿತು. ಅಂಥ ಹೆದರಿಕೆಯಿಂದ ಎಚ್ಚರವಾದವರು ಎಷ್ಟೋ ಮಂದಿ. ಆದರೆ ಪೂರ್ಣ ಪ್ರೀತಿ ಭಯವನ್ನು ಹೊರಡಿಸಿಬಿಡುತ್ತದೆ ಎಂದು ಯೋಹಾನನ ಮೊದಲ ಪತ್ರಿಕೆಯೂ ಹೇಳುತ್ತದೆ.

ಕ್ಯಾಥೋಲಿಕರು ಇದನ್ನು ಬಿಡಿಬಿಡಿಯಾಗಿ ನೋಡಿದರು. ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ಪಶ್ಚಾತ್ತಾಪ ಪೂರ್ಣವಾದದ್ದು. ಪಾಪದ ಅಸಹ್ಯದಿಂದ ಅಥವಾ ಶಿಕ್ಷೆಯ ಭಯದಿಂದ ಹುಟ್ಟಿದ್ದು ಅಪೂರ್ಣವಾದದ್ದು. ಅಪೂರ್ಣವಾದದ್ದೂ ದೇವರ ವರವೇ, ಅದು ಮನುಷ್ಯನನ್ನು ಪಾಪನಿವೇದನೆಯ ಸಂಸ್ಕಾರದಲ್ಲಿ ಕೃಪೆ ಪಡೆಯಲು ಸಿದ್ಧಗೊಳಿಸುತ್ತದೆ ಎಂದು 1551ರಲ್ಲಿ ಟ್ರೆಂಟ್ ಮಹಾಸಭೆ ಹೇಳಿತು. ಆದರೆ ಆ ಭಯದ ಜೊತೆ ಒಂದಿಷ್ಟಾದರೂ ಪ್ರೀತಿ ಇರಲೇಬೇಕೇ? ಈ ಬಗ್ಗೆ ಮುಂದಿನ ನೂರು ವರ್ಷ ಪಂಡಿತರು ಎರಡು ಪಕ್ಷವಾಗಿ ಕಿತ್ತಾಡಿದರು. 1667ರಲ್ಲಿ ಪೋಪ್ 7ನೇ ಅಲೆಕ್ಸಾಂಡರ್ ಒಂದು ಆಜ್ಞೆ ಹೊರಡಿಸಿ, ಎರಡೂ ಪಕ್ಷದವರು ಒಬ್ಬರನ್ನೊಬ್ಬರು ಖಂಡಿಸುವುದನ್ನು ನಿಲ್ಲಿಸಬೇಕು ಎಂದ. ಯಾವ ಪಕ್ಷ ಸರಿ ಎಂದು ತೀರ್ಪು ಕೊಡಲಿಲ್ಲ.